ಗಂಟು ಹಾಕದ ಮುನಿಗಂಗಮ್ಮ

ಹಿನ್ನೀರಿನ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ದಡದ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಮುನಿಗಂಗಮ್ಮ ಕುಳಿತಿದ್ದಾರೆ. ದೋಣಿ ನಿಲ್ಲಿಸುವ ಲಂಗರಿನ ಸರಪಳಿಯ ಕೊನೆಯ ಕೊಂಡಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಕೊಂಡಿದೆ, ಮಡಿಲಲ್ಲಿ ನೈಲಾನ್ ಹಗ್ಗ. ಹಗ್ಗದ ತುದಿಯ ಮೂರು ಎಳೆಗಳನ್ನು ಬಿಡಿಸಿ, ಕೊಂಡಿಯೊಳಗೆ ತೂರಿಸಿ, ಹಿಂದಕ್ಕೆ ತಿರುಗಿಸಿ, ಹಗ್ಗದ ಮೈಯೊಳಗೇ ಒಂದೊಂದಾಗಿ ನುಗ್ಗಿಸುತ್ತಾರೆ. ಬಿಗಿದ ಹುರಿಯಲ್ಲಿ ದಾರಿ ಬಿಡಿಸಲು ಕೈಯಲ್ಲೊಂದು ಚೂಪಾದ ಹುಣಸೆ ಗೂಟ. ಎಲ್ಲೂ ಗಂಟಿಲ್ಲ. ಮುಗಿದಾಗ ಹಗ್ಗ ಸರಪಳಿಯಿಂದಲೇ ಹುಟ್ಟಿ ಬಂದಂತೆ ಕಾಣುತ್ತದೆ.

“ಗಂಟು ಹಾಕೋದು ಯಾರಿಗ್ ಬರಲ್ಲ? ಕುರಿ ಕಟ್ಟೋರೂ ಹಾಕ್ತಾರೆ,” ಎನ್ನುತ್ತಾರೆ ತಲೆ ಎತ್ತದೆ. “ದೋಣಿ ಕುರಿ ಅಲ್ಲ ಕಣಪ್ಪ.”

ಹೊಸೂರು ಸೀಮೆಯಲ್ಲಿ ಎಲ್ಲಿಯ ಲಂಗರು ಎಂದು ನಗಬೇಡಿ. ಸಮುದ್ರ ದೂರ, ನಿಜ. ಆದರೆ ದಕ್ಷಿಣ ಪಿನಾಕಿನಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ಪುಟ್ಟ ಫೈಬರ್ ದೋಣಿಗಳಿವೆ. ಆಷಾಢದ ಗಾಳಿ ಎದ್ದರೆ ಅವು ಅಣೆಕಟ್ಟಿನಿಂದ ನೀರು ಬಿಡುವ ಶಟರಿನ ಕಡೆಗೆ ಜಾರುತ್ತವೆ. ಮೂಕಂಡಪಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕೊಕ್ಕೆಯ ಲಂಗರು ತಳದ ಬಂಡೆಯನ್ನು ಹಿಡಿಯಬೇಕು. ಆ ಬಂಡೆಗೆ ಉಜ್ಜಿ ಹಗ್ಗ ಹರಿಯದಿರಲು ಕೆಳಗಡೆ ಒಂದಾಳುದ್ದ ಸರಪಳಿ ಬೇಕು. ಗಂಟು ಹಾಕಿ ಕೂಡಿಸಿದರೆ ಅದು ದೋಣಿಯ ಮೂತಿಯ ಕಬ್ಬಿಣದ ಬಳೆಯಲ್ಲಿ ಸಿಕ್ಕಿಕೊಳ್ಳುತ್ತದೆ, ದಿನಾ ಸವೆಯುತ್ತದೆ, ಒಂದು ದಿನ ಕೈಕೊಡುತ್ತದೆ. ಹಗ್ಗವೂ ಸರಪಳಿಯೂ ಕೂಡುವ ಆ ಗೇಣುದ್ದದ ಜಾಗವನ್ನು ನಂಬಿ ಒಬ್ಬ ಮನುಷ್ಯ ನೀರಿಗಿಳಿಯುತ್ತಾನೆ.

ಮುನಿಗಂಗಮ್ಮ ಸಾನಮಾವಿನ ಕಾಡಂಚಿನ ರೈತರ ಮಗಳು. ತಂದೆ ಅಂಜನಪ್ಪ, ಎತ್ತುಗಳು ಕಪಿಲೆ ಎಳೆದು ಬಾವಿಯಿಂದ ನೀರೆತ್ತುತ್ತಿದ್ದ ಕಾಲದವರು. ಕಪಿಲೆಯಲ್ಲಿ ನೀರು ತುಂಬುವ ಬಾನಿಯ ಕಬ್ಬಿಣದ ಬಳೆಗೆ ಸೆಣಬಿನ ಹಗ್ಗವನ್ನು ಅವರು ಗಂಟಿಲ್ಲದೆ ಹೆಣೆಯುತ್ತಿದ್ದರು. ಮಗಳು ನೋಡಿ ಕಲಿತದ್ದು ಅದನ್ನೇ, ಆ ಹುಣಸೆ ಗೂಟವೂ ಅಪ್ಪನದೇ. ಬೋರ್‌ವೆಲ್ ಬಂದು ಕಪಿಲೆ ಮೂಲೆ ಸೇರಿತು. ಶ್ಯಾಮಣ್ಣನವರನ್ನು ಮದುವೆಯಾಗಿ ಈ ದಡಕ್ಕೆ ಬಂದ ಮುನಿಗಂಗಮ್ಮ, ರಾಗಿ ಹೊಲದ ಕೆಲಸದ ನಡುವೆ ದನಗಳಿಗೆ ಹಗ್ಗ ಹೊಸೆಯುತ್ತಿದ್ದರು. ಫೈಬರ್ ದೋಣಿಗಳು ಬಂದಾಗ ಮೀನುಗಾರರು ತಾವಾಗಿಯೇ ಇವರನ್ನು ಹುಡುಕಿಕೊಂಡು ಬಂದರು.

ಮುನಿಗಂಗಮ್ಮ ಎಡವಿದ್ದೂ ಅಪ್ಪನ ವಿದ್ಯೆಯಲ್ಲೇ. ಸೆಣಬಿನ ಹಗ್ಗಕ್ಕೆ ಎಳೆಗಳನ್ನು ಮೂರು ಸುತ್ತು ನುಗ್ಗಿಸಿದರೆ ಸಾಕು, ನೀರು ಕುಡಿದು ತಾನೇ ಬಿಗಿಯುತ್ತದೆ. ಇವರು ನೈಲಾನಿಗೂ ಮೂರೇ ಸುತ್ತು ಹಾಕಿದರು. ನೈಲಾನ್ ನೀರು ಕುಡಿಯುವುದಿಲ್ಲ, ನುಣುಚಿಕೊಳ್ಳುತ್ತದೆ. ನಾಲ್ಕು ವರ್ಷದ ಹಿಂದಿನ ಆಷಾಢದಲ್ಲಿ ಗಿರಿ ಎಂಬ ಮೀನುಗಾರನ ದೋಣಿಯ ಹೆಣಿಗೆ ಬಿಚ್ಚಿಕೊಂಡಿತು. ದೋಣಿ ಶಟರಿನ ಬಂಡೆಗೆ ಬಡಿದು ಒಡೆಯಿತು, ಗಿರಿ ನೀರಿನಲ್ಲಿ ನಿಂತಿದ್ದ ಒಣಮರ ತಬ್ಬಿಕೊಂಡು ಬದುಕಿದ.

ಮರುದಿನ ದಡದಲ್ಲಿ ಪಂಚಾಯ್ತಿ ಸೇರಿತು. ಹಿರಿಯ ಮೀನುಗಾರ ರಾಮಯ್ಯ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ಲಂಗರಿಗೆ ಹೆಂಗಸಿನ ಕೈ ತಾಗಿತು, ಅದಕ್ಕೇ ಹೀಗಾಯ್ತು, ಇನ್ನು ತಾಗಕೂಡದು. ಎಲ್ಲರ ನಡುವೆ ಎದ್ದು ನಿಂತ ಮುನಿಗಂಗಮ್ಮ ಹೇಳಿದ್ದನ್ನು ಗಿರಿ ಇಂದಿಗೂ ನೆನೆಯುತ್ತಾನೆ.

“ತಪ್ಪು ನಂದು, ಒಪ್ಕೊಂಡೆ. ಹೆಂಗಸ್ತನದ್ದಲ್ಲ. ಬಡಗಿ ಮಾಡಿದ್ ಬಾಗ್ಲು ಕಿತ್ಕೊಂಡ್ ಬಿದ್ರೆ ಗಂಡ್ಸು ಮಾಡಿದ್ದಕ್ಕೇ ಬಿತ್ತು ಅಂತೀರೇನು?”

ತೀರ್ಪು ಮಾತ್ರ ಬದಲಾಗಲಿಲ್ಲ. ದಡದ ಪಂಚಾಯ್ತಿಗೆ ನ್ಯಾಯಕ್ಕಿಂತ ಮೀಸೆ ಮುಖ್ಯ. ಮುನಿಗಂಗಮ್ಮ ಮನೆಗೆ ಹೋಗಿ, ಸರಪಳಿಯನ್ನು ಹುಣಸೆ ಮರಕ್ಕೆ ಬಿಗಿದು, ಹೆಣೆದ ಹಗ್ಗಕ್ಕೆ ಗಂಡನ ಎತ್ತುಗಳನ್ನು ಕಟ್ಟಿ ಎಳೆಸಿದರು. ಬಿಚ್ಚಿಕೊಂಡಿತು. ಸುತ್ತು ಹೆಚ್ಚಿಸಿ ಮತ್ತೆ ಹೆಣೆದರು. ಕೊನೆಗೆ ಐದು ಸುತ್ತು ನುಗ್ಗಿಸಿ, ಎಳೆಯ ತುದಿಗಳನ್ನು ದೀಪಕ್ಕೆ ಹಿಡಿದು ಕರಗಿಸಿದ ಹಗ್ಗ ನಡುವೆ ತುಂಡಾಯಿತೇ ಹೊರತು ಹೆಣಿಗೆ ಅಲುಗಲಿಲ್ಲ. “ಹಗ್ಗಾನೂ ಸೋಲ್ತು, ಎತ್ತೂ ಸೋತ್ವು, ಇವ್ಳೊಬ್ಳು ಸೋಲ್ಲಿಲ್ಲ,” ಎಂದು ಶ್ಯಾಮಣ್ಣ ಈಗಲೂ ಕಾಲೆಳೆಯುತ್ತಾರೆ.

ಈ ಸುದ್ದಿ ಕೇಳಿ ಮೀನುಗಾರರು ಒಬ್ಬೊಬ್ಬರಾಗಿ ಹಗ್ಗ ಕಳಿಸತೊಡಗಿದರು, ಅದೂ ಕತ್ತಲಾದ ಮೇಲೆ, ಹೆಂಡತಿಯರ ಕೈಯಲ್ಲಿ. ಮುನಿಗಂಗಮ್ಮ ಎಲ್ಲವನ್ನೂ ಹಿಂದಕ್ಕೆ ಕಳಿಸಿದರು. ಬೇಕಾದವರು ಬೆಳಗ್ಗೆ ದಡಕ್ಕೆ ಬರಬೇಕು, ಎಲ್ಲರೂ ನೋಡುವಂತೆ ಎದುರಿಗೆ ಕೂರಬೇಕು. ಮೊದಲು ಬಂದವನು ಗಿರಿ. ಈಗ ದಡದ ಎಲ್ಲ ದೋಣಿಗಳಲ್ಲೂ ಇವರದೇ ಹೆಣಿಗೆ ಇದೆ, ರಾಮಯ್ಯನವರ ದೋಣಿಯೊಂದನ್ನು ಬಿಟ್ಟು.

ಆಷಾಢ ಹತ್ತಿರವಾಗಿದೆ. ಮೊನ್ನೆ ಸಂಜೆ ರಾಮಯ್ಯನವರ ಹೆಂಡತಿ ಮಂಗಮ್ಮ ಸೊಪ್ಪಿನ ಬುಟ್ಟಿಯಲ್ಲಿ ಹಗ್ಗ ಮುಚ್ಚಿಟ್ಟು ತಂದಿದ್ದರಂತೆ.

“ಕದ್ದ ಕೋಳಿ ತಂದಂಗೆ ತಂದಿದ್ಳು ಪಾಪ. ವಾಪಸ್ ಕಳ್ಸಿದೆ.”

ರಾಮಯ್ಯನವರ ಗಂಟು ಗಾಳಿಗೆ ಬಿಚ್ಚಿಕೊಂಡರೆ, ಎಂದು ಕೇಳುತ್ತೇನೆ. ಗೂಟ ಹಿಡಿದ ಕೈ ನಿಲ್ಲುತ್ತದೆ.

“ಅದೇ ಯೋಚ್ನೆ ನಂಗೂ. ನಿದ್ದೆ ಹತ್ತಲ್ಲ. ಆದ್ರೆ ನನ್ ಸೊಸೆ ನಾಗವೇಣಿನೂ ಈ ಕೆಲ್ಸ ಕಲೀತಾವ್ಳೆ. ನಾನಿವತ್ತು ಕದ್ದು ಮಾಡ್ಕೊಟ್ರೆ, ನಾಳೆ ಅವ್ಳೂ ಕದ್ದೇ ಮಾಡ್ಬೇಕಾಯ್ತದೆ.”

ಮಾತು ಮುಗಿಯುವ ಹೊತ್ತಿಗೆ ಹೊಂಗೆ ಮರದತ್ತ ಒಬ್ಬರು ನಡೆದು ಬರುತ್ತಾರೆ. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಸರಪಳಿ. ದಡದಲ್ಲಿ ಬಲೆ ಬಿಡಿಸುತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ. ರಾಮಯ್ಯ ಎರಡನ್ನೂ ಗೋಣಿಚೀಲದ ಮೇಲೆ ಇಟ್ಟು, ನೀರಿನ ಕಡೆ ನೋಡುತ್ತಾ ಕೇಳುತ್ತಾರೆ.

“ಕೂಲಿ ಏನ್ ಕೊಡ್ಲಮ್ಮ?”

“ಕೂಲಿ ಬ್ಯಾಡಣ್ಣ. ನಾನ್ ಹೆಣೆದ್ ಲಂಗರು ನೀರಲ್ಲಿ ಹೆಂಗ್ ಕೂತ್ಕೊತದೆ ಅಂತ ಒಂದಿನಾನೂ ನೋಡಿಲ್ಲ. ಯಾವ್ ದೋಣಿಗೂ ಹತ್ತಿಸ್ಲಿಲ್ಲ ನೀವು. ಇದನ್ನ ನಾನೇ ಬಿಡ್ಬೇಕು, ನಿನ್ ದೋಣಿಯಿಂದ.”

ರಾಮಯ್ಯ ತಮ್ಮ ದೋಣಿಯ ಕಡೆ ತಿರುಗಿ ನೋಡುತ್ತಾರೆ.

“ಕುಂತ್ಕೊ. ಆ ಕೊನೆ ಹಿಡ್ಕೊ. ಐದು ಸುತ್ತು ಮುಗಿಯೋಗಂಟ ಯೋಚ್ನೆ ಮಾಡು.”

ರಾಮಯ್ಯ ಕೂರುತ್ತಾರೆ, ಹಗ್ಗದ ಕೊನೆ ಹಿಡಿಯುತ್ತಾರೆ. ಐದನೆಯ ಸುತ್ತು ಮುಗಿದಾಗ ಎದ್ದು ಹೋಗಿ ತಮ್ಮ ದೋಣಿಯನ್ನು ದಡಕ್ಕೆ ಎಳೆದು, ಅಲುಗದಂತೆ ಹಿಡಿದು ನಿಲ್ಲುತ್ತಾರೆ. ಮುನಿಗಂಗಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತುತ್ತಾರೆ. ರಾಮಯ್ಯ ತಾವೂ ಹತ್ತಿ ಹುಟ್ಟು ಹಾಕುತ್ತಾರೆ. ದೂರ ಹೋದ ಮೇಲೆ ಮುನಿಗಂಗಮ್ಮ ಲಂಗರು ಬಿಡುತ್ತಾರೆ. ಸರಪಳಿ ಸದ್ದು ಮಾಡುತ್ತಾ ಇಳಿಯುತ್ತದೆ, ಹಿಂದೆಯೇ ಹಗ್ಗ. ದೋಣಿ ಒಮ್ಮೆ ಜಗ್ಗಿ ನಿಲ್ಲುತ್ತದೆ. ನೀರಿನ ಮೇಲಿಂದ ಮುನಿಗಂಗಮ್ಮನವರ ದನಿ ದಡದವರೆಗೂ ಕೇಳುತ್ತದೆ.

“ಹಿಡೀತು. ಈಗ್ ಹೇಳು ರಾಮಯ್ಯಣ್ಣ, ಇದಕ್ಕೆ ತಾಗಿದ್ದು ಯಾರ್ ಕೈ?”