ಗಡ್ಡ ಒಪ್ಪುತ್ತದೆ ಎಂದವನು

ಆ ಬೀದಿಯ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಗಡ್ಡ ಬಿಡತೊಡಗಿದ್ದೇಕೆ ಎಂಬುದು ಒಬ್ಬನಿಗೆ ಮಾತ್ರ ಗೊತ್ತಿತ್ತು. ತಿರುವಿನ ಹಳೆಯ ಅಂಗಡಿಯ ಕ್ಷೌರಿಕನಿಗೆ.

ಚಳಿ ಶುರುವಾಗುವ ಹೊತ್ತಿಗೆ ಅವನ ಬಲಗೈ ನಡುಗಲು ಆರಂಭಿಸಿತ್ತು. ಕತ್ತರಿಯಾದರೆ ಪರವಾಗಿಲ್ಲ, ಬಾಚಣಿಗೆ ಅಡ್ಡವಿರುತ್ತದೆ, ತಪ್ಪಿದರೂ ಕೂದಲು ಮತ್ತೆ ಬೆಳೆಯುತ್ತದೆ. ಆದರೆ ಕತ್ತಿ? ಗಿರಾಕಿ ಕಣ್ಣು ಮುಚ್ಚಿ, ಗಂಟಲೆತ್ತಿ ಒರಗಿದೊಡನೆ ಇವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನೊರೆಯ ಅಂಚಿನಲ್ಲಿ ನರ ಮಿಡಿಯುವುದು ಕಾಣುತ್ತಿತ್ತು. ಇಷ್ಟು ವರ್ಷ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಹೀಗಾಗಿ ಹೊಗಳಿಕೆಗೆ ಇಳಿದ. "ಈ ಗಡ್ಡ ನಿಮಗೆ ಏನ್ ಒಪ್ಪುತ್ತೆ ಸರ್! ತೆಗೀಲೇಬೇಡಿ" ಎಂದು ಬ್ಯಾಂಕಿನ ಗುಮಾಸ್ತನಿಗೆ ಹೇಳಿದ. ಕೆನ್ನೆ ಗುಳಿಬಿದ್ದ ಡ್ರಾಯಿಂಗ್ ಮೇಷ್ಟ್ರಿಗೆ, "ಈಗ ನೋಡಿ ಕಲಾವಿದರ ಕಳೆ ಬಂತು" ಎಂದ. ಗಂಡಸರು ಉಬ್ಬಿಹೋದರು. ಹೆಂಗಸರು ಉರಿದುಬಿದ್ದರು.

"ಏನ್ರೀ, ನಮ್ಮನೆಯವರ ಮುಖಕ್ಕೆ ಪೊರಕೆ ಕಟ್ಟಿಬಿಟ್ರಲ್ಲ!" ಎಂದು ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತು ಜಗಳ ತೆಗೆದಳು. ಕೈಯನ್ನು ಟವೆಲ್ಲಿನೊಳಗೆ ಬಚ್ಚಿಟ್ಟುಕೊಂಡು ಅವನು ನಕ್ಕ. ತನ್ನ ಹೆಂಡತಿಗೂ ಅವನು ಹೇಳಿರಲಿಲ್ಲ. ಅಂಗಡಿ ಮುಚ್ಚಿದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದೇ ಅವನಿಗೆ ಹೊಳೆಯುತ್ತಿರಲಿಲ್ಲ.

ಒಂದು ಸಂಜೆ ಬಾಲ್ಯದ ಗೆಳೆಯ ಪೋಸ್ಟ್‌ಮ್ಯಾನ್ ಬಂದು ಕುರ್ಚಿಯಲ್ಲಿ ಕುಸಿದ. ಇವನ ಮಾತು ನಂಬಿ ಕಾಲರು ಮುಚ್ಚುವಷ್ಟು ಗಡ್ಡ ಬಿಟ್ಟವನು.

"ತೆಗೆದುಬಿಡೋ."

"ಯಾಕೋ? ರಾಜನ ಹಾಗಿದ್ದೀಯ."

"ರಾಜನೂ ಇಲ್ಲ, ಮಂತ್ರಿನೂ ಇಲ್ಲ. ಕುತ್ತಿಗೇಲಿ, ಎಡಗಡೆ, ಗಂಟು. ನಾಳೆ ಆಪರೇಷನ್, ಗಡ್ಡ ತೆಗೆಸಿಕೊಂಡು ಬಾ ಅಂದಿದ್ದಾರೆ. ಗಡ್ಡದ ಅಡೀಲಿತ್ತು ನೋಡು, ಗೊತ್ತೇ ಆಗಿರಲಿಲ್ಲ. ಬೇರೆಯವರಿಗೆ ಕುತ್ತಿಗೆ ಕೊಡೋಕೆ ಭಯ ಕಣೋ."

ಕ್ಷೌರಿಕ ಅವನ ಕುತ್ತಿಗೆಯತ್ತ ನೋಡಿದ. ವಾರವಾರ ಈ ಕುತ್ತಿಗೆಯನ್ನು ತಡವುತ್ತಿದ್ದ ಕೈ ತನ್ನದು. ಗಡ್ಡ ಬಿಡಿಸಿ ಗಂಟನ್ನು ಮುಚ್ಚಿಸಿದವನೂ ತಾನೇ. ಕತ್ತಿಗೆ ಹೊಸ ಬ್ಲೇಡು ಹಾಕಲು ಹೋದ. ಅದು ಟಿಣ್ಣೆಂದು ನೆಲಕ್ಕೆ ಬಿತ್ತು. ಇನ್ನೊಂದು ತೆಗೆದ. ಅದೂ ಬಿತ್ತು.

ಗೆಳೆಯ ಕನ್ನಡಿಯಲ್ಲಿ ನೋಡುತ್ತಿದ್ದ. "ಕೈ ತೋರಿಸು."

ನೆನೆದ ಕೋಳಿಮರಿಯ ಹಾಗೆ ನಡುಗುತ್ತಿದ್ದ ಕೈಯನ್ನು ತೋರಿಸಿದ.

"ಎಷ್ಟು ದಿನದಿಂದ?"

"ನಿನ್ನ ಗಡ್ಡಕ್ಕೆ ಎಷ್ಟು ವಯಸ್ಸೋ ಅಷ್ಟು."

"ಅಯ್ಯೋ ಕಳ್ಳ! ಹಾಗಾದ್ರೆ ನಾನು ಚೆನ್ನಾಗಿ ಕಾಣ್ತಿರಲಿಲ್ವಾ?"

"ಕರಡಿ ಥರ ಇದ್ದೆ."

ಇಬ್ಬರೂ ನಗಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ಕ್ಷೌರಿಕ ಗೆಳೆಯನ ತೋಳು ಹಿಡಿದು ಎಬ್ಬಿಸಿದ.

ಎದುರಿನ ಕ್ಷೌರದಂಗಡಿಯವನನ್ನು 'ಕುರಿ ತುಪ್ಪಟ ಕತ್ತರಿಸೋನು' ಎಂದು ಅವನು ಕಂಡಕಂಡವರ ಮುಂದೆ ಆಡಿಕೊಂಡಿದ್ದ. ಆ ಹೊಸ್ತಿಲನ್ನು ಈಗ ಗೆಳೆಯನೊಂದಿಗೆ ತುಳಿದ. ಒಳಗೆ ಬೆಂಚು ತುಂಬ ಜನ.

"ತಮ್ಮಾ, ಇವನಿಗೆ ನುಣ್ಣಗೆ ಮಾಡು. ಎಡಗಡೆ ಗಂಟಿದೆ, ಹುಷಾರು," ಎಂದ. "ನನ್ನ ಕೈ ನಡುಗುತ್ತೆ, ಅದಕ್ಕೇ ಬಂದೆ."

ಅಂಗಡಿಯವನು ಸ್ಟೂಲು ಎಳೆದು ಹಾಕಿದ. "ಕೂತ್ಕೊಳ್ಳಿ ಅಣ್ಣ."

ಕತ್ತಿ ಗಂಟಲಿನತ್ತ ಬಂದಾಗ ಪೋಸ್ಟ್‌ಮ್ಯಾನ್ ಹೊದಿಕೆಯ ಕೆಳಗಿನಿಂದ ಕೈ ಚಾಚಿದ. ಕ್ಷೌರಿಕ ಬಲಗೈಯಿಂದಲೇ ಹಿಡಿದುಕೊಂಡ. ಗಡ್ಡ ಸರಿದಂತೆಲ್ಲ ಗೋಲಿಯಷ್ಟು ದಪ್ಪದ ಗಂಟು ಮೆಲ್ಲಗೆ ಹೊರಗೆ ಬಂತು.

"ನೋವಾಗ್ತಿದೆಯೇನೋ?"

"ಕತ್ತಿ ಅಲ್ಲ, ನಿನ್ನ ಹಿಡಿತ," ಎಂದ ಗೆಳೆಯ, ತುಟಿ ಅಲುಗಿಸದೆ. "ಬಿಡಬೇಡ."