ಆತ್ಯಾಳ ಪಡಸಾಲೆಯಲ್ಲಿ ಹರಿಯುವ ನೀರು

ಈ ವರ್ಷ ಮೊದಲ ಮಳೆಗೆ ನಮ್ಮ ಅಂಗಳದಿಂದ ಮಣ್ಣಿನ ವಾಸನೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಬೇಸಗೆಯಲ್ಲಿ ನಾನೇ ಮುಂದೆ ನಿಂತು ಅಂಗಳಕ್ಕೆಲ್ಲ ಸಿಮೆಂಟಿನ ಬಿಲ್ಲೆ ಹಾಕಿಸಿದ್ದೇನೆ. ವಾಸನೆ ಬಂದದ್ದು ಅಡುಗೆಮನೆಯ ಕಿಟಕಿಯಿಂದ, ಅದರ ಕೆಳಗಿನ ದೊಡ್ಡ ಮೋರಿಯಿಂದ. ಮೋರಿಯ ವಾಸನೆ ಮೂಗಿಗೆ ಹಿತವಾಯಿತು ಎಂದರೆ ನೀವು ನಗುತ್ತೀರಿ, ನಗಿರಿ. ಇದು ಬರೀ ಮಳೆನೀರಿನ ಮೋರಿ, ಮೇಲುಗಡೆ ಅಳಿದುಳಿದ ಹೊಲಗಳ ಕರಿಮಣ್ಣು ತೊಳೆದುಕೊಂಡು ಬರುತ್ತದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಸಚಿನ್ ಬಂದ. ಹೊಸ ಕಾರು ತಂದಿದ್ದಾನೆ, ನಿಲ್ಲಿಸಲು ಜಾಗವಿಲ್ಲ. ಮೋರಿಯನ್ನು ಅರ್ಧಕ್ಕರ್ಧ ಕಿರಿದು ಮಾಡಿ ಮೇಲೆ ಕಲ್ಲು ಹಾಸಿಬಿಟ್ಟರೆ ಓಣಿಯವರಿಗೆಲ್ಲ ಅನುಕೂಲ ಎಂಬುದು ಅವನ ವಾದ. ಉಳಿದವರು ಹೂಂ ಅಂದಾಗಿದೆ, ನನ್ನದೊಂದು ಬಾಕಿ. ಸುಳ್ಳೇಕೆ ಹೇಳಲಿ, ಆ ಹಾಸಿನ ಮೇಲೆ ಸಂಡಿಗೆ ಎಷ್ಟು ಚೆನ್ನಾಗಿ ಒಣಗೀತು ಎಂದು ನನಗೂ ಆಸೆ ಹುಟ್ಟಿತು. ಹೂಂ ಅನ್ನುವವಳಿದ್ದೆ.

“ಮಾವಶಿ, ಇಷ್ಟ ಅಗಲ ಗಟಾರ ಯಾವ ಹುಚ್ಚ ಕಟ್ಟಿಸ್ಯಾನ್ರಿ?” ಎಂದು ಅಷ್ಟರಲ್ಲಿ ಸಚಿನ್ ಕೇಳಿಬಿಟ್ಟ.

ಆ ಹುಚ್ಚ ನನ್ನ ಕಾಕಾ, ಅಪ್ಪನ ತಮ್ಮ. ಅಂಗಡಿಗಳಲ್ಲಿ ಹೊರದೇಶದ ಸಾಮಾನು, ಮನೆಗಳಲ್ಲಿ ಕೇಬಲ್ ಟಿವಿ ಆಗತಾನೆ ಬರುತ್ತಿದ್ದ ಕಾಲ. ಆ ಕಡೆ ಸಾಂಗ್ಲಿ, ಈ ಕಡೆ ಮಿರಜ ಬೆಳೆದು ನಡುವಿನ ಜೋಳದ ಹೊಲಗಳನ್ನು ನುಂಗುತ್ತಿದ್ದವು. ಇಂಜಿನಿಯರ್ ಆಗಿದ್ದ ಕಾಕಾಗೆ ವಿಶ್ರಾಮಬಾಗದ ಈ ಹೊಸ ಬಡಾವಣೆಯ ಮಳೆನೀರಿನ ಲೆಕ್ಕ ಹಾಕುವ ಕೆಲಸ ಸಿಕ್ಕಿತು. ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅವರ ನಕ್ಷೆಗಳಿಗೆ ಮಸಿ ಹಾಕಿಕೊಡುತ್ತಿದ್ದೆ. ಎಳೆದ ಗೆರೆಗಿಂತ ಚೆಲ್ಲಿದ ಮಸಿಯೇ ಹೆಚ್ಚು ಎಂಬುದು ಅವರ ದೂರು.

ಎಷ್ಟು ಜಮೀನಿನ ನೀರು ಇಲ್ಲಿಗಿಳಿಯುತ್ತದೆ, ಜೋರು ಮಳೆ ತಾಸಿಗೆ ಎಷ್ಟು ಬೀಳುತ್ತದೆ, ಇವಕ್ಕೆಲ್ಲ ದಾಖಲೆ ಸಿಗುತ್ತದೆ. ಬಿದ್ದ ಮಳೆಯಲ್ಲಿ ನೆಲ ಕುಡಿಯುವುದೆಷ್ಟು, ಹರಿದು ಬರುವುದೆಷ್ಟು ಎಂಬುದನ್ನು ಮಾತ್ರ ನೆಲ ನೋಡಿಯೇ ಅಂದಾಜಿಸಬೇಕು. ಮೇ ತಿಂಗಳ ಬಿಸಿಲಲ್ಲಿ ಕಾಕಾ ನನ್ನನ್ನೂ ಕರೆದುಕೊಂಡು ಹೊಲವೆಲ್ಲ ತಿರುಗಿದರು. ಕರಿನೆಲ ಬಾಯಿ ಬಿಟ್ಟಿತ್ತು. ಒಂದು ಬಿರುಕಿನಲ್ಲಿ ಸಿಕ್ಕಿ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಒಂದು ಕೊಡ ನೀರು ಸುರಿದರೆ ಗಟಗಟ ಕುಡಿದುಬಿಟ್ಟಿತು. ಬಹುಪಾಲು ನೀರು ನೆಲಕ್ಕೇ ಹೋಗುತ್ತದೆ ಎಂದು ಹಿಡಿದು ಕಾಕಾ ಹಾರಿ ದಾಟುವಷ್ಟು ಸಣ್ಣ ಮೋರಿ ಬರೆದರು.

ಮಳೆಗಾಲದ ಕರಿನೆಲ ಅವರಿಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿರಲಿಲ್ಲ. ನಮ್ಮದು ಜೈನರ ಮನೆ. ಚಾತುರ್ಮಾಸದಲ್ಲಿ ರಸ್ತೆ ಬಿಟ್ಟು ಹಸಿರಿನ ಮೇಲೆ, ಹಸಿ ನೆಲದ ಮೇಲೆ ಕಾಲಿಡುವುದಿಲ್ಲವೆಂದು ಕಾಕಾ ಹುಡುಗಾಟದ ವಯಸ್ಸಿನಲ್ಲೇ ವ್ರತ ಹಿಡಿದಿದ್ದರು. ಕಣ್ಣಿಗೆ ಕಾಣದ ಎಷ್ಟೋ ಜೀವಗಳು ಅಲ್ಲಿರುತ್ತವಲ್ಲ. ಹೀಗಾಗಿ ಮಳೆಗಾಲದ ಹೊಲವನ್ನು ಅವರು ನೋಡಿದ್ದೆಲ್ಲ ದೂರದಿಂದಲೇ.

ಅವರ ಅಕ್ಕ, ನಮ್ಮ ಆತ್ಯಾ, ಲಿಂಗನೂರಿನ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದಳು. ಬಡಾವಣೆಯಲ್ಲಿ ಎಲ್ಲಕ್ಕೂ ತಗ್ಗಿನ ಪ್ಲಾಟು ಕೊಂಡವಳು ಅವಳೇ. ತಗ್ಗು ಬೇಡ ಎಂದವರಿಗೆಲ್ಲ, ಮೋರಿ ಬರೆದವನು ನನ್ನ ತಮ್ಮ ಎಂದು ಬಾಯಿ ಮುಚ್ಚಿಸಿದಳು. ಅವಳಿಗೆ ಒಂದು ದೊಡ್ಡ ಪಡಸಾಲೆ ಬೇಕಿತ್ತು. ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆತನ ನಮ್ಮದು, ಎರಡನೆಯ ಪಂಕ್ತಿಗೆ ಹೊತ್ತು ಸಾಲದು. ಹಬ್ಬದ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂಬುದು ಅವಳ ಬಹಳ ವರ್ಷದ ಆಸೆ. ಪಾಯವನ್ನೂ ತೆಗೆಸಿದಳು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಪ್ಲಾಟಿಗೆ ನೀರು ನುಗ್ಗಿದ ಸುದ್ದಿ ಕೇಳಿ ಕಾಕಾನ ಜೊತೆ ನಾನೂ ಹೋದೆ. ನೆನೆದ ನೆಲ ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಂಡು, ಫರಸಿಕಲ್ಲಿನ ಮೇಲೆ ಚೆಲ್ಲಿದ ಹಾಗೆ ನೀರು ಜಾರಿ ಬರುತ್ತಿತ್ತು. ಆಗಷ್ಟೇ ತೋಡಿದ್ದ ಮೋರಿ ತುಂಬಿ, ಆತ್ಯಾಳ ಪಾಯವೂ ತುಂಬಿತ್ತು. ರಸ್ತೆಗೂ ಪ್ಲಾಟಿಗೂ ನಡುವೆ ಮೊಣಕಾಲೆತ್ತರದ ಹಸಿರು. ಕಾಕಾ ರಸ್ತೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಂದು ಕಾಲು ಎತ್ತಿದರು. ಅವರ ಮುಖ ನೋಡಲಾಗಲಿಲ್ಲ.

ಆಚೆಯಿಂದ ಆತ್ಯಾ ಕೂಗಿದಳು: “ತಮ್ಮಾ, ಅಲ್ಲೇ ನಿಂದ್ರು. ನನ್ನ ಮನಿ ಸಲುವಾಗಿ ವ್ರತಾ ಮುರೀಬ್ಯಾಡ. ನಾ ನೋಡಿ ಹೇಳ್ತೀನಿ.”

ಸೀರೆ ಎತ್ತಿ ಕಟ್ಟಿ, ರಸ್ತೆಗೆ ಬಂದು ನನ್ನ ಛತ್ರಿ ಕಸಿದುಕೊಂಡು ಮತ್ತೆ ನೀರಿಗಿಳಿದು, ಅದನ್ನೇ ಅಲ್ಲಲ್ಲಿ ಊರಿ ಆಳ ಎಷ್ಟು, ಅಗಲ ಎಷ್ಟು ಎಂದು ಶಾಲೆಯ ದನಿಯಲ್ಲಿ ಹೇಳಿದಳು. ನಾನು ತೊಯ್ದು ತೊಪ್ಪೆಯಾದೆ.

ಕಾಕಾ ಲೆಕ್ಕವನ್ನು ಬುಡದಿಂದ ಮಾಡಿದರು. ಈ ಸಲ ನೆಲದ ಹೊಟ್ಟೆ ತುಂಬಿದೆ ಎಂದು ಹಿಡಿದರು. ಅಷ್ಟೇ ಅಲ್ಲ, ಮೇಲಿನ ಹೊಲಗಳೆಲ್ಲ ಮುಂದೆ ಮನೆ, ರಸ್ತೆ, ಫರಸಿ ಆಗಿರುತ್ತವೆ ಎಂದೂ ಹಿಡಿದರು. ಮೋರಿ ಇಮ್ಮಡಿ ಅಗಲವಾಯಿತು. ತಗ್ಗಿನಲ್ಲಿ ಅದಕ್ಕೆ ಜಾಗ ಸಿಗುವುದು ಆತ್ಯಾಳ ಪ್ಲಾಟಿನಲ್ಲೇ.

“ಅಕ್ಕಾ, ನನ್ನ ಲೆಕ್ಕ ತಪ್ಪಿತ್ತು. ಸರಿ ಮಾಡಿದ್ರ ನಿನ್ನ ಪಡಸಾಲಿ ಹೋಗ್ತೈತಿ.” ಕಾಕಾ ತಲೆ ಎತ್ತಲಿಲ್ಲ.

ಆತ್ಯಾ ಕುಡಿಯುವ ನೀರು ಸೋಸುತ್ತಿದ್ದಳು. ಸೋಸಿ ಮುಗಿಸಿ ಕೊಡದ ಬಾಯಿ ಮುಚ್ಚಿದಳು. “ಮ್ಯಾಲಿನ ಮಂದೀ ನೀರು ಎಲ್ಲೆರೆ ಹೋಗಬೇಕಲ್ಲೋ. ತಗೋ,” ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ನಾನು ನೋಡಿದೆ, ನನಗೂ ಅಳು ಬಂತು.

ಹೀಗೆ ಕಟ್ಟಿದ್ದು ಈ ಇಕ್ಕಟ್ಟಿನ ಮನೆ. ಹಬ್ಬದಲ್ಲಿ ಕೆಲವರು ಅಡುಗೆಮನೆಯಲ್ಲಿ, ಕೆಲವರು ಮಲಗುವ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದೆವು. ಬಂದವರಿಗೆ ಆತ್ಯಾ ಕಿಟಕಿ ತೆಗೆದು, ಇದು ನಮ್ಮ ಪಡಸಾಲೆ, ಮಳೆಗಾಲದಲ್ಲಿ ಬೀಗರು ಬರುತ್ತಾರೆ ಎಂದು ನಗುತ್ತಿದ್ದಳು. ಕಾಕಾ ಮಾತ್ರ ನಗುತ್ತಿರಲಿಲ್ಲ. ಈಗ ಇಬ್ಬರೂ ಇಲ್ಲ, ಮನೆ ನನ್ನ ಪಾಲಿಗೆ ಬಂದಿದೆ.

ಸಚಿನ್‌ಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಳೆ ರಪರಪ ಹೊಡೆಯತೊಡಗಿತ್ತು. ಕಿಟಕಿಯಲ್ಲಿ ನಿಂತು ನೋಡಿದೆವು. ನೀರು ಏರಿ ಏರಿ ಅಂಚಿಗೆ ಒಂದು ಗೇಣು ಉಳಿಯಿತು. ಅವನು ಮೋರಿ ನೋಡಿದ, ಅದರ ಆಚೆ ತನ್ನ ಮನೆ ನೋಡಿದ. ಬಂದ ವಿಷಯ ಮತ್ತೆ ಎತ್ತಲಿಲ್ಲ.

ಅವನು ಹೋದ ಮೇಲೆ ನಾನು ಮುಂಬಾಗಿಲಿಗೆ ಬಂದೆ. ನನ್ನ ಅಂಗಳದ ಬಿಲ್ಲೆಗಳ ಮೇಲಿಂದ ಒಂದು ಹನಿಯೂ ಇಂಗದೆ ನೀರು ಸರಸರ ಮೋರಿಯ ಕಡೆಗೇ ಓಡುತ್ತಿತ್ತು. ಬಿಲ್ಲೆ ಹಾಕಿದ ಗವಂಡಿಗೆ ಫೋನು ಮಾಡಿ, ಮಳೆ ಬಿಟ್ಟ ಕೂಡಲೇ ಬಂದು ಬಿಲ್ಲೆಗಳನ್ನೆಲ್ಲ ಕಿತ್ತುಹಾಕು ಎಂದೆ. ನೆಲ ಎಷ್ಟು ಕುಡಿಯುತ್ತದೋ ಕುಡಿಯಲಿ. ಆತ್ಯಾಳ ಪಡಸಾಲೆಯಲ್ಲಿ ಈಗಾಗಲೇ ಬೀಗರು ಹೆಚ್ಚಾಗಿದ್ದಾರೆ.