ಅಮಾವಾಸ್ಯೆಯಂದು ತೆರೆಯದ ಸೆರಗು

ಶಶಿಕಲಾಳ ಗಂಡ ಮಹದೇವ ತೀರಿಕೊಂಡಾಗ ಒಂದು ಸೆರಗು ಅರ್ಧಕ್ಕೆ ನಿಂತಿತ್ತು. ಮಗ್ಗದ ಮೇಲಲ್ಲ, ಕಂಪ್ಯೂಟರಿನಲ್ಲಿ. ಸೇಲಂನ ರೇಷ್ಮೆ ಸೀರೆ ಕಂಪನಿಯೊಂದರಲ್ಲಿ ಇಬ್ಬರೂ ಡಿಸೈನರುಗಳಾಗಿದ್ದರು. ಇಬ್ಬರದೂ ಕನ್ನಡ ಮಾತಾಡುವ ನೇಕಾರರ ಮನೆತನ. ಅವನು ನವಿಲು, ಬಳ್ಳಿ ಬಿಡಿಸುತ್ತಿದ್ದ. ಅವಳು ಅದನ್ನು ಗ್ರಾಫಿನ ಚೌಕಗಳಿಗೆ ಇಳಿಸಿ, ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುತ್ತಿದ್ದಳು. ತೊಪ್ಪೂರಿನ ಇಳಿಜಾರಿನಲ್ಲಿ ಲಾರಿ ಬಡಿದು ಅವನು ಹೋದ ಮೇಲೆ ತಂಡದ ಹೊಣೆ ಅವಳಿಗೆ ಬಂತು. ಆ ಸೆರಗಿನ ಫೈಲನ್ನು ಅವಳು ಒಮ್ಮೆಯೂ ತೆರೆಯಲಿಲ್ಲ.

ಹೋದ ವರ್ಷ ಕಂಪನಿ ವಿನ್ಯಾಸ ಬಿಡಿಸುವ ಹಳೆಯ ಕ್ಯಾಡ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಲು ನಿರ್ಧರಿಸಿತು. ಹಳೆಯ ಫೈಲುಗಳು ಹೊಸದರಲ್ಲಿ ತೆರೆಯುವುದಿಲ್ಲ. ಒಂದೊಂದನ್ನೂ ಹಳೆಯದರಲ್ಲೇ ತೆರೆದು, ಚಿತ್ರವಾಗಿ ಉಳಿಸಿ, ಆಮೇಲೆ ದಾಟಿಸಬೇಕು. ಹಳೆಯದು ನಡೆಯುವುದು ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಒಂದು ‘ಲಾಕ್’ ಇದ್ದರೆ ಮಾತ್ರ. ಹೊಸದು ಕೂರಿಸಿದ ದಿನ ಅದನ್ನು ಮಾರಿದವರಿಗೆ ಹಿಂದಿರುಗಿಸಬೇಕು.

ಅಂಚುಗಳು, ಬುಟ್ಟಾಗಳು ಒಂದೊಂದಾಗಿ ದಾಟಿದವು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಭವ್ಯಶ್ರೀ ಕೇಳಿಯೇಬಿಟ್ಟಳು.

“ಅಕ್ಕಾ, ಅಣ್ಣಂದು ಒಂದು ಐತಲ್ಲ, ನಾನು ಮಾಡ್ಲಾ?”

“ನೀನು ನಿನ್ ಬುಟ್ಟಾ ನೋಡ್ಕ. ಅದನ್ನ ನಾನು ಮಾಡ್ತೀನಿ.”

“ಎಪ್ಪೋ ಅಕ್ಕಾ, ಯಾವಾಗ?”

“ಕೊನೇಗೆ.”

ಹೊಸದು ಕೂರಿಸುವುದು ಸೋಮವಾರ ಎಂದು ಗೊತ್ತಾಗಿತ್ತು. ಅದರ ಹಿಂದಿನ ದಿನ ಅಮಾವಾಸ್ಯೆ. ಅಂದು ಕುಲದೇವತೆ ಚೌಡಮ್ಮನ ದಿನವೆಂದು ಈ ನೇಕಾರರು ಮಗ್ಗ ಮುಟ್ಟುವುದಿಲ್ಲ, ಕಂಪನಿಗೂ ರಜೆ. ಮಹದೇವ ಕಂಪ್ಯೂಟರನ್ನೂ ಮುಟ್ಟುತ್ತಿರಲಿಲ್ಲ. “ಮೌಸಿಗೂ ಅಮಾವಾಸ್ಯೆನಾ ಲೇ?” ಎಂದು ಗೆಳೆಯರು ಕಾಡಿದರೆ, “ಇದ್ರಲ್ಲಿ ಇಡ್ಲಿ ಬೇಯಿಸ್ತೀನಾ? ನೇಯೋ ಕೆಲ್ಸಾನೇ ತಾನೇ?” ಎನ್ನುತ್ತಿದ್ದ.

ಅಮಾವಾಸ್ಯೆಯ ಬೆಳಿಗ್ಗೆ ಕಂಪನಿಯಿಂದ ಭವ್ಯಶ್ರೀಯ ಫೋನು ಬಂತು.

“ಅಕ್ಕಾ, ರಜಾ ದಿನಾನೇ ಅನುಕೂಲ ಅಂತ ಸಾಫ್ಟ್‌ವೇರ್‌ನೋರು ಇವತ್ತೇ ಬಂದವ್ರೆ. ಮಧ್ಯಾಹ್ನ ಲಾಕ್ ತಗೊಂಡು ಓಗ್ತಾರಂತೆ. ನಾಳೆಗಂಟ ಬಿಡಿ ಅಂದ್ರೆ ಒಪ್ತಿಲ್ಲ. ಅಣ್ಣಂದು ಇನ್ನೂ ಅಂಗೇ ಐತೆ!”

“ಇವತ್ತು ಅಮಾವಾಸ್ಯೆ.”

“ಒಂದು ಕ್ಲಿಕ್ ಅಕ್ಕಾ! ನಾನೇ ಮಾಡ್ಬಿಡ್ತೀನಿ.”

“ಮುಟ್ಬೇಡ.”

ಅತ್ತೆ ರಾಜಾತಿ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಓಗಮ್ಮಾ. ಚೌಡಮ್ಮ ಏನೂ ಅನ್ಕಳಲ್ಲ. ನನ್ ಮಗ ಬರ್ದಿದ್ದು ಉಳೀಲಿ.”

“ಬದುಕಿರೋಗಂಟ ಅಮಾಸೆ ದಿನ ಅವ್ರು ಮುಟ್ಟಲಿಲ್ಲ ಅತ್ತೆ. ಓದ್ಮೇಲೆ ಅವ್ರ ಕೆಲ್ಸಾನ ನಾನು ಮುಟ್ಲಾ?”

ಇದನ್ನು ನಿಷ್ಠೆ ಎನ್ನುವವರು ಎನ್ನಲಿ. ಅದರಲ್ಲಿ ಅಂಜಿಕೆಯೂ ಇತ್ತು. ತೆರೆದರೆ, ಅವನ ಕೈ ಎಲ್ಲಿ ನಿಂತಿತೆಂದು ಕಣ್ಣಾರೆ ನೋಡಬೇಕಿತ್ತು. ಮಧ್ಯಾಹ್ನ ಕಳೆಯಿತು. ಅವಳು ಮನೆ ಬಿಟ್ಟು ಕದಲಲಿಲ್ಲ.

ಮರುದಿನ ಲಾಕ್ ಇರಲಿಲ್ಲ. ಫೈಲಿನ ಒಂದು ಪ್ರತಿಯೇನೋ ಪೆನ್‌ಡ್ರೈವಿನಲ್ಲಿತ್ತು; ಹೊಸ ಸಾಫ್ಟ್‌ವೇರ್ ಅದನ್ನು ತೆರೆಯಲಿಲ್ಲ. ಲಾಕ್ ರದ್ದಾಗಿದೆ, ಮತ್ತೆ ಕೊಡಲಾಗದು ಎಂದರು ಮಾರಿದವರು.

ಶಶಿಕಲಾ ಖಾಲಿ ಪುಟ ತೆರೆದು ನೆನಪಿನಿಂದ ಬಿಡಿಸಲು ಕುಳಿತಳು. ಹಿಂದಕ್ಕೆ ಕತ್ತು ತಿರುಗಿಸಿದ ನವಿಲು, ಅದು ನೆನಪಿತ್ತು. ಕತ್ತು ಎಷ್ಟು ತಿರುಗಿತ್ತು ಎಂಬುದು ನೆನಪಿರಲಿಲ್ಲ. ಜೀವಮಾನವೆಲ್ಲ ಚೌಕ ತುಂಬಿದ ಕೈ ಅದು. ಎಳೆದ ಬಾಗು ಬಿಗಿಯಾಗಿಯೇ ಬಂತು.

“ಅಚ್ಚೊತ್ತಿದಂಗೆ ಅಣ್ಣಂದೇ ಅಕ್ಕಾ,” ಎಂದಳು ಭವ್ಯಶ್ರೀ. ಶಶಿಕಲಾ ಫೈಲು ಉಳಿಸಲು ಹೋದಳು. ಡಿಸೈನರ್ ಹೆಸರು ಕೇಳಿದ ಜಾಗದಲ್ಲಿ ಮಹದೇವ ಎಂದು ಬರೆದಳು, ಅಳಿಸಿದಳು, ತನ್ನ ಹೆಸರು ಬರೆದಳು.

ತಾರಮಂಗಲದ ಮಗ್ಗದಿಂದ ಮೊದಲ ಸೀರೆ ಬಂದಾಗ ಅತ್ತೆಗೆ ತೋರಿಸಲು ಮನೆಗೆ ತಂದಳು. ರಾಜಾತಿ ಸೆರಗನ್ನು ಬೆಳಕಿಗೆ ಹಿಡಿದಳು.

“ಇದಾ ನನ್ ಮಗ ಬರ್ದಿದ್ದು?”

“ಅಲ್ಲ ಅತ್ತೆ. ಇದು ನಂದು.”

ಮುದುಕಿ ಸೀರೆಯನ್ನು ಮಡಿಕೆಗೆ ಮಡಿಕೆ ಸೇರಿಸಿ ಮಡಿಸಿ ಅವಳ ಕೈಗೆ ಕೊಟ್ಟಳು.